ಜರ್ಮನಿಯ ಲಾಂಗ್ ಸ್ಟೇ ವೀಸಾ ಅರ್ಜಿ ಬಾಕಿ ಇರುವಾಗ ವಿದೇಶಕ್ಕೆ ಹೋಗಿಬರಬಹುದೇ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಜರ್ಮನಿಯ ಡಿ ವೀಸಾಗೆ ಅರ್ಜಿ ಹಾಕಿ ಕಾಯುತ್ತಿರುವವರು ಒಂದು ಕಡೆ, ಡಿ ವೀಸಾದಲ್ಲಿ ಜರ್ಮನಿಗೆ ಹೋಗಿ, ಅಲ್ಲಿ ಮುಂದೆಯೂ ಇರಲು ಬೇಕಾದ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಿ ಕಾಯುತ್ತಿರುವವರು ಇನ್ನೊಂದು ಕಡೆ. ಇಬ್ಬರ ಪ್ರಶ್ನೆಯೂ ಒಂದೇ: "ತೀರ್ಮಾನ ಬರುವಷ್ಟರಲ್ಲಿ ಒಂದು ಸಲ ಹೋಗಿಬರಲೇ?" ಉತ್ತರ ಮಾತ್ರ ಬೇರೆ ಬೇರೆ. ಹೊರಡುವಾಗ ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ. ತೊಡಕೆಲ್ಲ ಎದುರಾಗುವುದು ವಾಪಸ್ ಬರುವಾಗ. ಹಾಗಾಗಿ ಕೆಳಗಿನ ಒಂದೊಂದು ಉತ್ತರದಲ್ಲೂ ಮೊದಲು ನೋಡಿರುವುದು, ಮರಳುವ ದಿನ ನಿಮ್ಮ ಕೈಯಲ್ಲಿ ಯಾವ ಕಾಗದ ಇರುತ್ತದೆ ಎಂಬುದನ್ನು.

ಮೊದಲ ಭಾಗ: ಬೆಂಗಳೂರಿನಲ್ಲಿ ಅರ್ಜಿ ಹಾಕಿ ಕಾಯುತ್ತಿರುವವರಿಗೆ

ಡಿ ವೀಸಾ ಎಂದರೆ ಯಾವುದು? ಷೆಂಗೆನ್ ವೀಸಾಗೂ ಇದಕ್ಕೂ ಏನು ವ್ಯತ್ಯಾಸ?

90 ದಿನಕ್ಕಿಂತ ಹೆಚ್ಚು ಕಾಲ ಜರ್ಮನಿಯಲ್ಲಿ ಇರಲು ಬೇಕಾದ ರಾಷ್ಟ್ರೀಯ ವೀಸಾವೇ ಡಿ. ಓದು, ಕೆಲಸ, ಬ್ಲೂ ಕಾರ್ಡ್ (ಹೆಚ್ಚು ಓದಿದ ಉದ್ಯೋಗಿಗಳಿಗೆ ಕೊಡುವ ಪರ್ಮಿಟ್), ಗಂಡ ಅಥವಾ ಹೆಂಡತಿಯನ್ನು ಸೇರಿಕೊಳ್ಳುವುದು ಎಲ್ಲವೂ ಇದರೊಳಗೆ ಬರುತ್ತವೆ. ಶುಲ್ಕ 75 ಯೂರೋ, ಮಕ್ಕಳಿಗೆ 37.50. ಪ್ರವಾಸ, ಬಿಸಿನೆಸ್ ಮೀಟಿಂಗ್, ನೆಂಟರ ಮನೆಗೆ ಹೋಗುವುದು ಇವಕ್ಕೆಲ್ಲ ಸಿ ವೀಸಾ. ಜನ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪು) ವೀಸಾ ಎನ್ನುವುದು ಅದನ್ನೇ. 2024ರ ಜೂನ್ 11ರಿಂದ ಅದರ ಶುಲ್ಕ 90 ಯೂರೋ. ಎರಡರ ಕಾನೂನೂ ಬೇರೆ, ದಿನಗಳ ಲೆಕ್ಕವೂ ಬೇರೆ. ಈ ಎರಡನ್ನು ಬೆರೆಸಿಕೊಂಡಾಗಲೇ ಅರ್ಧಕ್ಕರ್ಧ ತಪ್ಪುಗಳು ಆಗುತ್ತವೆ.

ಕರ್ನಾಟಕ ಮತ್ತು ಕೇರಳದಲ್ಲಿ ವಾಸವಿರುವವರ ಅರ್ಜಿಗಳನ್ನು ನೋಡುವುದು ಬೆಂಗಳೂರಿನ ಜರ್ಮನ್ ಕಾನ್ಸುಲೇಟ್. ಕನ್ನಡಿಗರೇ ಆದರೂ ಈಗ ದುಬೈಯಲ್ಲೋ ಸಿಂಗಪುರದಲ್ಲೋ ವಾಸವಿದ್ದರೆ ಅಲ್ಲಿನ ಜರ್ಮನ್ ಕಚೇರಿಯಲ್ಲೇ ಅರ್ಜಿ ಹಾಕಬೇಕು.

ಅರ್ಜಿ ಕೊಟ್ಟಾಗಿದೆ. ತೀರ್ಮಾನ ಬರುವ ಮೊದಲು ದುಬೈಗೋ ಥಾಯ್ಲೆಂಡಿಗೋ ಒಂದು ವಾರ ಹೋಗಿಬಂದರೆ ಅರ್ಜಿಗೆ ತೊಂದರೆಯೇ?

ಇಲ್ಲ. ಅರ್ಜಿ ಬಾಕಿ ಇರುವಾಗ ಭಾರತದಲ್ಲೇ ಕೂತಿರಬೇಕು ಎಂಬ ನಿಯಮವಿಲ್ಲ. ನೀವು ಬೇರೆ ದೇಶಕ್ಕೆ ಹೋದ ಮಾತ್ರಕ್ಕೆ ಅರ್ಜಿ ರದ್ದಾಗುವುದೂ ಇಲ್ಲ. ಬ್ರಿಟನ್‌ನಲ್ಲಿದ್ದುಕೊಂಡು ವೀಸಾ ಮುಂದುವರಿಕೆಗೆ ಅರ್ಜಿ ಹಾಕಿದವರು ದೇಶ ಬಿಟ್ಟು ಹೋದರೆ ಅರ್ಜಿ ಹಿಂಪಡೆದಂತೆ ಆಗುತ್ತದೆ. ಅದನ್ನು ಕೇಳಿದವರು ಜರ್ಮನಿಗೂ ಅದೇ ನಿಯಮ ಎಂದುಕೊಂಡು ಸುಮ್ಮನೆ ಹೆದರುತ್ತಾರೆ.

ಆದರೆ ಎರಡು ವಿಷಯ ನೋಡಿಕೊಂಡೇ ಟಿಕೆಟ್ ತೆಗೆಯಿರಿ. ಒಂದು, ಪಾಸ್‌ಪೋರ್ಟ್ ಎಲ್ಲಿದೆ ಎಂಬುದು. ಅರ್ಜಿ ಕೊಡುವ ದಿನ ಅದು ಕಡತದ ಜೊತೆ ಹೋಗುತ್ತದೆಯೋ, ವೀಸಾ ಅಂಟಿಸುವ ಹೊತ್ತಿಗೆ ತಂದುಕೊಟ್ಟರೆ ಸಾಕೋ ಎಂದು ಕೌಂಟರ್‌ನಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ. ಗೆಳೆಯನಿಗೆ ಆದಂತೆಯೇ ನಿಮಗೂ ಆಗುತ್ತದೆ ಎಂದುಕೊಳ್ಳಬೇಡಿ.

ಎರಡು, ಕಾನ್ಸುಲೇಟ್‌ನಿಂದ ಬರುವ ಪತ್ರ. ಹೆಚ್ಚುವರಿ ದಾಖಲೆ ಕೇಳಿದರೆ ಗಡುವು ಕೊಟ್ಟಿರುತ್ತಾರೆ, ಗಡುವು ಮೀರಿದರೆ ಇದ್ದ ಕಾಗದಗಳ ಮೇಲೇ ತೀರ್ಮಾನ ಮಾಡಬಹುದು. 2025ರ ಜನವರಿಯಿಂದ ರಾಷ್ಟ್ರೀಯ ವೀಸಾ ಅರ್ಜಿಗಳನ್ನು ಜರ್ಮನ್ ವಿದೇಶಾಂಗ ಇಲಾಖೆಯ ಆನ್‌ಲೈನ್ ಪೋರ್ಟಲ್‌ನಲ್ಲಿ ತುಂಬಬಹುದು. ಅಲ್ಲಿ ಕೊಟ್ಟ ಇಮೇಲ್ ಮತ್ತು ಅದರ ಸ್ಪ್ಯಾಮ್ ಫೋಲ್ಡರ್ ಎರಡನ್ನೂ ದಿನಕ್ಕೊಮ್ಮೆ ನೋಡಿ. ಊರಲ್ಲಿ ಇಟ್ಟುಹೋದ ಮೂಲ ಅಂಕಪಟ್ಟಿಯನ್ನು ಥಾಯ್ಲೆಂಡಿನಿಂದ ಸ್ಕ್ಯಾನ್ ಮಾಡಲಾಗುವುದಿಲ್ಲವಲ್ಲ. ಹೊರಡುವ ಮೊದಲೇ ಕಡತದ ಎಲ್ಲ ಕಾಗದಗಳನ್ನೂ ಸ್ಕ್ಯಾನ್ ಮಾಡಿ ಫೋನಿನಲ್ಲಿ ಇಟ್ಟುಕೊಳ್ಳಿ.

ಕಂಪನಿ ಫಾಸ್ಟ್ ಟ್ರ್ಯಾಕ್‌ನಲ್ಲಿ ಅರ್ಜಿ ಹಾಕಿಸಿದೆ. ಆಗಲೂ ಪ್ರವಾಸ ಇಟ್ಟುಕೊಳ್ಳಬಹುದೇ?

ಬೇಡ. ಈ ಶೀಘ್ರ ವಿಧಾನದಲ್ಲಿ ಕಂಪನಿ ಜರ್ಮನಿಯ ವಿದೇಶಿಯರ ಕಚೇರಿಗೆ 411 ಯೂರೋ ಕಟ್ಟಿ ಮುಂಚಿತ ಒಪ್ಪಿಗೆ ಪಡೆಯುತ್ತದೆ. ಆ ಒಪ್ಪಿಗೆ ತೋರಿಸಿ ಕೇಳಿದರೆ 3 ವಾರದೊಳಗೆ ಅಪಾಯಿಂಟ್‌ಮೆಂಟ್, ಪೂರ್ತಿ ಅರ್ಜಿ ಕೊಟ್ಟ ಮೇಲೆ ಸಾಮಾನ್ಯವಾಗಿ 3 ವಾರದೊಳಗೆ ತೀರ್ಮಾನ. ಅಪಾಯಿಂಟ್‌ಮೆಂಟ್ ಯಾವ ದಿನ ಬೀಳುತ್ತದೋ ಮೊದಲೇ ಗೊತ್ತಿರುವುದಿಲ್ಲ. ಆ ಆರು ವಾರ ನೀವೂ ನಿಮ್ಮ ಪಾಸ್‌ಪೋರ್ಟೂ ಊರಲ್ಲೇ ಇರುವುದು ಮೇಲು.

ಪಾಸ್‌ಪೋರ್ಟ್ ಕಾನ್ಸುಲೇಟ್‌ನಲ್ಲಿದೆ, ತುರ್ತಾಗಿ ಹೋಗಬೇಕಾಗಿದೆ. ಏನು ಮಾಡಲಿ?

ಪಾಸ್‌ಪೋರ್ಟ್ ಮಾತ್ರ ವಾಪಸ್ ಬೇಕು, ಅರ್ಜಿ ಮುಂದುವರಿಯಲಿ ಎಂದು ಬರವಣಿಗೆಯಲ್ಲಿ ಕೇಳಿ. "ಅರ್ಜಿ ಹಿಂಪಡೆಯುತ್ತೇನೆ" ಎಂಬ ಅರ್ಥ ಬರುವ ಒಂದು ಮಾತೂ ಆ ಪತ್ರದಲ್ಲಿ ಇರಬಾರದು. ಕೌಂಟರ್‌ನಲ್ಲಿ ಕೊಡುವ ಫಾರಂನಲ್ಲಿ ಯಾವ ಚೌಕಕ್ಕೆ ಟಿಕ್ ಹಾಕುತ್ತಿದ್ದೀರಿ ಎಂದು ಎರಡು ಸಲ ಓದಿ. ಅರ್ಜಿ ಹಿಂಪಡೆದರೆ ಕಟ್ಟಿದ ಶುಲ್ಕ ವಾಪಸ್ ಬರುವುದಿಲ್ಲ, ಮತ್ತೆ ಅಪಾಯಿಂಟ್‌ಮೆಂಟ್ ಸರದಿಯ ಕೊನೆಗೆ ಹೋಗಿ ನಿಲ್ಲಬೇಕು. ಪತ್ರದಲ್ಲಿ ಅರ್ಜಿ ಸಂಖ್ಯೆ, ಪಾಸ್‌ಪೋರ್ಟ್ ಸಂಖ್ಯೆ, ಹೊರಡುವ ಮತ್ತು ಮರಳುವ ದಿನಾಂಕ, ಕಾರಣ, ಪಾಸ್‌ಪೋರ್ಟನ್ನು ಮತ್ತೆ ಯಾವ ದಿನ ತಂದುಕೊಡುತ್ತೀರಿ ಎಂಬುದು, ಇಷ್ಟಿದ್ದರೆ ಸಾಕು.

ನನ್ನ ಪಾಸ್‌ಪೋರ್ಟ್‌ನಲ್ಲಿ ಇನ್ನೂ ಅವಧಿ ಇರುವ ಮಲ್ಟಿಪಲ್ ಎಂಟ್ರಿ ಷೆಂಗೆನ್ ವೀಸಾ ಇದೆ. ಡಿ ಬಾಕಿ ಇರುವಾಗ ಅದರಲ್ಲಿ ಯೂರೋಪಿಗೆ ಹೋಗಬಹುದೇ?

ಹೋಗಬಹುದು. ಡಿ ಗೆ ಅರ್ಜಿ ಹಾಕಿದ ಮಾತ್ರಕ್ಕೆ ಸಿ ವೀಸಾ ಸತ್ತುಹೋಗುವುದಿಲ್ಲ. ಆದರೆ ಹೋಗುವ ಕೆಲಸ ಸಿ ವೀಸಾಗೆ ಒಪ್ಪುವಂಥದ್ದೇ ಆಗಿರಬೇಕು: ಮೀಟಿಂಗ್, ಟ್ರೇಡ್ ಫೇರ್, ಪ್ರವಾಸ, ನೆಂಟರ ಭೇಟಿ. ಗಡಿಯ ಅಧಿಕಾರಿ "ಯಾಕೆ ಬಂದಿರಿ?" ಎಂದರೆ ಇದ್ದದ್ದನ್ನೇ ಹೇಳಿ. ಡಿ ಗೆ ಅರ್ಜಿ ಹಾಕಿದ್ದು ಅವರ ಕಂಪ್ಯೂಟರ್‌ನಲ್ಲಿ ಕಾಣಬಹುದು. ಅದನ್ನು ಮುಚ್ಚಿಟ್ಟರೆ ಅನುಮಾನ ಹೆಚ್ಚುತ್ತದೆ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಅಥವಾ ಕಂಪನಿಯ ಆಹ್ವಾನ ಪತ್ರ, ಪ್ರಯಾಣ ವಿಮೆ ಕಾಗದದಲ್ಲೇ ಕೈಯಲ್ಲಿರಲಿ.

ದಿನಗಳ ಲೆಕ್ಕದಲ್ಲಿ ಎಚ್ಚರ ತಪ್ಪಬೇಡಿ. ಯಾವುದೇ ದಿನ ನಿಂತು ಹಿಂದಿನ 180 ದಿನ ಎಣಿಸಿದರೆ ಷೆಂಗೆನ್ ಒಳಗೆ ಕಳೆದದ್ದು 90 ದಿನ ದಾಟಿರಬಾರದು. ಒಳಗೆ ಬಂದ ದಿನವೂ ಹೊರಗೆ ಹೋದ ದಿನವೂ ಎಣಿಕೆಗೆ ಸೇರುತ್ತವೆ. ಮಾರ್ಚ್ 1ರ ಬೆಳಿಗ್ಗೆ ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಏಪ್ರಿಲ್ 20ರ ರಾತ್ರಿ ಹೊರಟವರಿಗೆ ಮಾರ್ಚ್‌ನ 31, ಏಪ್ರಿಲ್‌ನ 20, ಒಟ್ಟು 51 ದಿನ ಖರ್ಚಾಯಿತು. ಜೂನ್ ಒಂದರಿಂದ ಡಿ ವೀಸಾ ಶುರುವಾದರೆ ಅದರ ಮೇಲೆ ಜರ್ಮನಿಯಲ್ಲಿ ಇರುವ ದಿನಗಳು ಈ 90ರ ಲೆಕ್ಕಕ್ಕೆ ಸೇರುವುದಿಲ್ಲ. ಸಿ ಯಲ್ಲಿ 51 ದಿನ ಕಳೆದಿದ್ದೇನೆ, ಡಿ ಯಲ್ಲಿ 39 ದಿನವೇ ಉಳಿಯಿತು ಎಂದು ಭಯಪಡಬೇಕಿಲ್ಲ.

ಸಿ ವೀಸಾದಲ್ಲಿ ಹೋಗಿ ಜರ್ಮನಿಯಲ್ಲೇ ಇದ್ದು, ಡಿ ಬಂದ ಮೇಲೆ ಅಲ್ಲೇ ಬದಲಾಯಿಸಿಕೊಳ್ಳಬಹುದೇ?

ಆಗುವುದಿಲ್ಲ. ಅತಿ ಹೆಚ್ಚು ನಷ್ಟವಾಗುವ ತಪ್ಪು ಇದೇ ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ದೀರ್ಘ ವಾಸಕ್ಕೆ ಬರುವವರು ಅದಕ್ಕೆಂದೇ ಇರುವ ವೀಸಾದ ಮೇಲೆ ದೇಶದೊಳಗೆ ಬಂದಿರಬೇಕು ಎಂಬುದು ಜರ್ಮನ್ ವಾಸ ಕಾನೂನಿನ 5ನೇ ಸೆಕ್ಷನ್‌ನ ಶರತ್ತು. ಅಮೆರಿಕ, ಕೆನಡಾ, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಇಸ್ರೇಲ್, ಬ್ರಿಟನ್ ಪ್ರಜೆಗಳು ವೀಸಾ ಇಲ್ಲದೆ ಬಂದು ಅಲ್ಲೇ ಪರ್ಮಿಟ್ ಕೇಳಬಹುದು. ಭಾರತೀಯರಿಗೆ ಆ ಸೌಲಭ್ಯವಿಲ್ಲ. ಜೊತೆಗೆ ಕೆಲಸ ಮಾಡುವ ಅಮೆರಿಕದ ಗೆಳೆಯ "ನಾನು ಹಾಗೇ ಮಾಡಿದೆ" ಎಂದರೆ ಅವರ ಮಟ್ಟಿಗೆ ಅದು ನಿಜ, ನಿಮ್ಮ ಮಟ್ಟಿಗೆ ಅಲ್ಲ.

ಒಂದು ವಿನಾಯಿತಿ ಇದೆ: ಪರ್ಮಿಟ್ ಪಡೆಯುವ ಹಕ್ಕು ಜರ್ಮನಿಗೆ ಬಂದ ಮೇಲೆ ಹುಟ್ಟಿದ್ದರೆ ಕೆಲವು ಸಂದರ್ಭಗಳಲ್ಲಿ ಅಲ್ಲೇ ಅರ್ಜಿ ಹಾಕಬಹುದು. ಬ್ಲೂ ಕಾರ್ಡ್‌ಗೆ ಇದನ್ನು ಬಳಸಿಕೊಳ್ಳಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ನಿಮ್ಮ ಡಿ ಅರ್ಜಿ ಆಗಲೇ ಬೆಂಗಳೂರಿನಲ್ಲಿ ಇದ್ದರೆ, ಕೆಲಸದ ಕರಾರು ನೀವು ಬರುವ ಮೊದಲೇ ಇತ್ತು ಎಂಬುದಕ್ಕೆ ಆ ಅರ್ಜಿಯೇ ಸಾಕ್ಷಿ. ವಿನಾಯಿತಿ ಅಲ್ಲಿಗೇ ಬಿದ್ದುಹೋಗುತ್ತದೆ.

ಇನ್ನೊಂದು ಸರಳ ಅಡ್ಡಿಯೂ ಇದೆ. ಡಿ ವೀಸಾ ಎನ್ನುವುದು ಪಾಸ್‌ಪೋರ್ಟ್ ಪುಟಕ್ಕೆ ಅಂಟಿಸುವ ಸ್ಟಿಕ್ಕರ್. ಅದನ್ನು ಅಂಟಿಸುವುದು ಬೆಂಗಳೂರಿನಲ್ಲಿ. ಪಾಸ್‌ಪೋರ್ಟ್ ನಿಮ್ಮ ಜೊತೆ ಬರ್ಲಿನ್‌ನಲ್ಲಿದ್ದರೆ ಸ್ಟಿಕ್ಕರ್ ಬೀಳುವುದಾದರೂ ಎಲ್ಲಿ?

ಕಂಪನಿಯವರು "ಬಿಸಿನೆಸ್ ವೀಸಾದಲ್ಲಿ ಬಂದು ಕೆಲಸ ಶುರುಮಾಡಿ, ಡಿ ಆಮೇಲೆ ಬರುತ್ತದೆ" ಎನ್ನುತ್ತಾರೆ.

ಒಪ್ಪಬೇಡಿ. ಮೀಟಿಂಗ್‌ನಲ್ಲಿ ಕೂರುವುದು, ಒಪ್ಪಂದದ ಮಾತುಕತೆ, ಗಿರಾಕಿಯ ಭೇಟಿ ಇವು ಬಿಸಿನೆಸ್ ಪ್ರವಾಸಕ್ಕೆ ಸೇರುತ್ತವೆ. ಅಲ್ಲಿನ ಆಫೀಸಿನಲ್ಲಿ ಟೇಬಲ್ ಹಾಕಿಕೊಂಡು ನಿತ್ಯದ ಕೆಲಸ ಮಾಡುವುದು ಉದ್ಯೋಗ, ಅದಕ್ಕೆ ಅನುಮತಿ ಬೇಕು. ಸಿಕ್ಕಿಬಿದ್ದರೆ ಕಂಪನಿಗೆ ದಂಡವಾಗುತ್ತದೆ, ನಿಮ್ಮ ಡಿ ಅರ್ಜಿಯೂ ಕೆಡುತ್ತದೆ. ಕಂಪನಿ ಬೇರೊಬ್ಬರನ್ನು ಹುಡುಕಿಕೊಂಡೀತು. ನಿಮಗೆ ಆಗುವ ನಷ್ಟ ಹಾಗೆ ತುಂಬುವಂಥದ್ದಲ್ಲ. ಅಷ್ಟು ಅವಸರವಿದ್ದರೆ ಅವರು ಮೇಲೆ ಹೇಳಿದ 411 ಯೂರೋ ದಾರಿ ಹಿಡಿಯಲಿ.

ಡಿ ಬಾಕಿ ಇರುವಾಗ ಹೊಸದಾಗಿ ಷೆಂಗೆನ್ ವೀಸಾ ಕೇಳಬಹುದೇ?

ಕೇಳಬಹುದು, ಸಿಗುವುದು ಕಷ್ಟ. ಸಿ ವೀಸಾ ಕೊಡುವಾಗ ನೋಡುವ ಮುಖ್ಯ ವಿಷಯ, ಅವಧಿ ಮುಗಿಯುವ ಮೊದಲು ಮರಳಿ ಹೋಗುತ್ತೀರೋ ಇಲ್ಲವೋ ಎಂಬುದು. ಅದೇ ದೇಶದಲ್ಲಿ ನೆಲೆಸಲು ಅರ್ಜಿ ಹಾಕಿ ಕೂತವರ ಬಗ್ಗೆ ಆ ಅನುಮಾನ ಸಹಜ. ಬೇರೆ ಷೆಂಗೆನ್ ದೇಶಕ್ಕೆ, ಉದಾಹರಣೆಗೆ ಇಟಲಿಯಲ್ಲಿ ಅಣ್ಣನ ಮದುವೆಗೆ, ಗಟ್ಟಿ ಕಾರಣ ಮತ್ತು ವಾಪಸ್ ಟಿಕೆಟ್ ಇದ್ದರೆ ಪ್ರಯತ್ನಿಸಬಹುದು. ಫಾರಂನಲ್ಲಿ ಡಿ ಅರ್ಜಿಯ ವಿಷಯ ಮರೆಮಾಚಬೇಡಿ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಹೋಗುತ್ತದೆ. ಅಷ್ಟು ದಿನ ಪಾಸ್‌ಪೋರ್ಟ್ ಆ ಕಚೇರಿಯಲ್ಲಿರುತ್ತದೆ. ಅದೇ ಹೊತ್ತಿಗೆ ಡಿ ಮಂಜೂರಾಗಿ ಜರ್ಮನ್ ಕಾನ್ಸುಲೇಟ್ ಪಾಸ್‌ಪೋರ್ಟ್ ಕೇಳಿದರೆ ಎರಡೂ ಕಡೆ ಸಿಕ್ಕಿಕೊಳ್ಳುತ್ತೀರಿ.

ಕಾಯುವ ನಡುವೆ ಪಾಸ್‌ಪೋರ್ಟ್ ಅವಧಿ ಮುಗಿಯುತ್ತಿದೆ ಅಥವಾ ಪುಟ ಮುಗಿದಿದೆ. ನವೀಕರಿಸಲೇ?

ನವೀಕರಿಸಿ, ಆದರೆ ಕಾನ್ಸುಲೇಟ್‌ಗೆ ತಿಳಿಸಿಯೇ. ರೀಇಶ್ಯೂ ಆದಾಗ ಪಾಸ್‌ಪೋರ್ಟ್ ಸಂಖ್ಯೆ ಬದಲಾಗುತ್ತದೆ, ನಿಮ್ಮ ಕಡತದಲ್ಲಿ ಹಳೆಯ ಸಂಖ್ಯೆ ಇರುತ್ತದೆ. ಹೊಸದು ಕೈಗೆ ಬಂದ ದಿನವೇ ಎರಡರ ಮೊದಲ ಮತ್ತು ಕೊನೆಯ ಪುಟಗಳನ್ನೂ ಸ್ಕ್ಯಾನ್ ಮಾಡಿ ಕಳಿಸಿ. ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಕನಿಷ್ಠ ಎರಡು ಖಾಲಿ ಪುಟ ಇರಬೇಕು. ಓಡಾಟ ಹೆಚ್ಚಿರುವವರು 36 ಪುಟದ್ದರ ಬದಲು 60 ಪುಟದ್ದನ್ನೇ ತೆಗೆದುಕೊಳ್ಳಿ: ಶುಲ್ಕ 1500 ರೂಪಾಯಿ ಬದಲು 2000. ತತ್ಕಾಲ್‌ಗೆ ಮೇಲೆ 2000.

ಡಿ ಬಂತು. ಸ್ಟಿಕ್ಕರ್‌ನಲ್ಲಿ ಆರಂಭದ ದಿನಾಂಕ ಮುಂದಿನ ತಿಂಗಳು. ಮೊದಲೇ ಹೊರಡಬಹುದೇ?

ಡಿ ಮೇಲೆ ಆ ದಿನಾಂಕಕ್ಕಿಂತ ಒಂದು ದಿನ ಮೊದಲೂ ಇಳಿಯುವಂತಿಲ್ಲ. ಬೆಂಗಳೂರಿನಿಂದ ರಾತ್ರಿ ಹೊರಡುವ ವಿಮಾನ ಮರುದಿನ ಬೆಳಿಗ್ಗೆ ಇಳಿಯುತ್ತದೆ. ಲೆಕ್ಕಕ್ಕೆ ಬರುವುದು ಇಳಿಯುವ ದಿನಾಂಕ. ಸ್ಟಿಕ್ಕರ್ ಕೈಗೆ ಬಂದ ಕೂಡಲೇ ಹೆಸರಿನ ಅಕ್ಷರ, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ, ಎಷ್ಟು ಸಲ ಪ್ರವೇಶ ಎಂಬುದನ್ನೆಲ್ಲ ಓದಿ. ತಪ್ಪಿದ್ದರೆ ಅಲ್ಲಿಂದಲೇ ಸರಿಪಡಿಸಿ ತನ್ನಿ. ಇಂಗ್ಲಿಷ್‌ನಲ್ಲಿ ಅಪ್ಪನ ಹೆಸರು, ಊರಿನ ಹೆಸರು ಇನಿಷಿಯಲ್ ಆಗಿ ಸೇರಿರುವ ನಮ್ಮ ಕಡೆಯ ಹೆಸರುಗಳಲ್ಲಿ ಸರ್‌ನೇಮ್ ಖಾನೆ ಅದಲುಬದಲಾಗುವುದು ಮಾಮೂಲು. ಟಿಕೆಟ್ ಕೂಡ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಲಿ.

ಪ್ಯಾರಿಸ್ ಅಥವಾ ಆಮ್ಸ್ಟರ್‌ಡ್ಯಾಂನಲ್ಲಿ ಇಳಿದು ಅಲ್ಲಿಂದ ಜರ್ಮನಿಗೆ ಹೋಗಲು ಡಿ ವೀಸಾದಲ್ಲಿ ಅಡ್ಡಿಯಿಲ್ಲ.

ಎರಡನೇ ಭಾಗ: ಜರ್ಮನಿಯಲ್ಲಿ ಪರ್ಮಿಟ್‌ಗೆ ಕಾಯುತ್ತಿರುವವರಿಗೆ

ಡಿ ಇನ್ನೂ ಚಾಲ್ತಿಯಲ್ಲಿದೆ, ಪರ್ಮಿಟ್ ಅರ್ಜಿಯೂ ಹಾಕಿದ್ದೇನೆ. ಊರಿಗೆ ಹೋಗಿಬರಬಹುದೇ?

ಡಿ ಮುಗಿಯುವ ಮೊದಲೇ ಮರಳುವುದಾದರೆ, ಮತ್ತು ಅದು ಮಲ್ಟಿಪಲ್ ಎಂಟ್ರಿ ಆಗಿದ್ದರೆ, ಯೋಚನೆಯೇ ಬೇಡ. ವಿಮಾನ ರದ್ದಾಗುವುದು, ಜ್ವರ ಬರುವುದು ಇದ್ದದ್ದೇ. ಡಿ ಮುಗಿಯುವುದಕ್ಕೂ ಮರಳುವುದಕ್ಕೂ ನಡುವೆ ಕನಿಷ್ಠ 10 ದಿನ ಬಿಡಿ. ಕೊನೆಯ ದಿನದ ಟಿಕೆಟ್ ಅಗ್ಗ ಎಂದು ತೆಗೆದು ತಿಂಗಳುಗಟ್ಟಲೆ ಊರಲ್ಲಿ ಸಿಕ್ಕಿಕೊಳ್ಳುವುದು ಬೇಡ.

ಡಿ ಮೇಲೆ ಬೇರೆ ಷೆಂಗೆನ್ ದೇಶಗಳಿಗೂ 180 ದಿನದಲ್ಲಿ 90 ದಿನ ಹೋಗಬಹುದು. ಸ್ವಿಟ್ಜರ್ಲೆಂಡ್ ಯೂರೋಪಿಯನ್ ಯೂನಿಯನ್‌ನಲ್ಲಿ ಇಲ್ಲ, ಆದರೆ ಷೆಂಗೆನ್‌ನಲ್ಲಿದೆ. ಐರ್ಲೆಂಡ್ ಯೂನಿಯನ್‌ನಲ್ಲಿದೆ, ಷೆಂಗೆನ್‌ನಲ್ಲಿಲ್ಲ. ಬ್ರಿಟನ್ ಎರಡರಲ್ಲೂ ಇಲ್ಲ. ಕ್ರೊಯೇಷಿಯಾ 2023ರಿಂದ, ರೊಮೇನಿಯಾ ಮತ್ತು ಬಲ್ಗೇರಿಯಾ 2025ರ ಜನವರಿಯಿಂದ ಪೂರ್ತಿಯಾಗಿ ಒಳಗೆ ಬಂದಿವೆ. 2024ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರುಮಾಡಿತು. ಬಸ್ಸು, ರೈಲಿನಲ್ಲಿ ಹೋದರೂ ಮೂಲ ಪಾಸ್‌ಪೋರ್ಟ್ ಜೇಬಿನಲ್ಲಿರಲಿ, ಫೋಟೋ ಸಾಲದು.

ಡಿ ಮುಗಿದಿದೆ, ಪರ್ಮಿಟ್ ಬಂದಿಲ್ಲ. ಆಗ?

ಇಲ್ಲಿಂದ ಮುಂದೆ ನಿಮ್ಮನ್ನು ಕಾಪಾಡುವುದು ಒಂದೇ ಕಾಗದ: ಫಿಕ್ಟ್ಸಿಯೋನ್ಸ್‌ಬೆಷೈನಿಗುಂಗ್. ಭಾರತೀಯರ ಬಾಯಲ್ಲಿ ಅದು ಫಿಕ್ಷನ್ ಸರ್ಟಿಫಿಕೇಟ್. ವಿದೇಶಿಯರ ಕಚೇರಿ ಅಂದರೆ ಔಸ್‌ಲೆಂಡರ್‌ಬೆಹೋರ್ಡೆ ಇದನ್ನು ಕೊಡುತ್ತದೆ. ಶುಲ್ಕ 13 ಯೂರೋ. ಅರ್ಜಿಯ ತೀರ್ಮಾನ ಆಗುವವರೆಗೆ ನಿಮ್ಮ ವಾಸ ಕಾನೂನುಬದ್ಧ ಎಂದು ಅದು ಹೇಳುತ್ತದೆ. ಆದರೆ ಅದನ್ನು ಹಿಡಿದ ಎಲ್ಲರೂ ದೇಶ ಬಿಟ್ಟು ಮರಳಿ ಬರುವಂತಿಲ್ಲ.

ಮಡಚುವ ಕಾಗದ ಅದು. ಬಿಡಿಸಿ ಮೂರನೇ ಪುಟ ನೋಡಿ. ಅಲ್ಲಿ ಒಂದರ ಕೆಳಗೊಂದು ಮೂರು ಚೌಕಗಳಿವೆ, ಮೂರೂ ವಾಸ ಕಾನೂನಿನ 81ನೇ ಸೆಕ್ಷನ್‌ಗೆ ಸೇರಿದವು. ಮೊದಲನೆಯದು 3ನೇ ಉಪವಿಧಿಯ ಮೊದಲ ವಾಕ್ಯ: ಪರ್ಮಿಟ್ ಇಲ್ಲದೆ ಕಾನೂನುಬದ್ಧವಾಗಿ ಇದ್ದು ಅರ್ಜಿ ಹಾಕಿದವರಿಗೆ, ವಾಸಕ್ಕೆ ಅನುಮತಿ ಇದೆ ಎಂದು ಭಾವಿಸಲಾಗಿದೆ. ಎರಡನೆಯದು ಅದೇ ಉಪವಿಧಿಯ ಎರಡನೇ ವಾಕ್ಯ: ತಡವಾಗಿ ಅರ್ಜಿ ಹಾಕಿದವರಿಗೆ, ಹೊರಹಾಕುವುದನ್ನು ತಡೆಹಿಡಿಯಲಾಗಿದೆ ಎಂದಷ್ಟೇ. ಮೂರನೆಯದು 4ನೇ ಉಪವಿಧಿ: ನಿಮ್ಮ ಹಿಂದಿನ ವೀಸಾ ಅಥವಾ ಪರ್ಮಿಟ್ ಮುಂದುವರಿದಿದೆ ಎಂದು ಭಾವಿಸಲಾಗಿದೆ.

ಮೂರನೇ ಚೌಕಕ್ಕೆ ಗುರುತು ಬಿದ್ದಿದ್ದರೆ ಹೋಗಿ ಮರಳಿ ಬರಬಹುದು. ಮೊದಲ ಎರಡಕ್ಕೆ ಬಿದ್ದಿದ್ದರೆ ಜರ್ಮನಿಯಲ್ಲಿ ಇರಬಹುದು, ಹೊರಗೆ ಹೋದರೆ ಹೊಸ ವೀಸಾ ಇಲ್ಲದೆ ಒಳಗೆ ಬರುವಂತಿಲ್ಲ. ಡಿ ಯಲ್ಲಿ ಬಂದು, ಡಿ ಮುಗಿಯುವ ಮೊದಲೇ ಅರ್ಜಿ ಹಾಕಿದವರಿಗೆ ಬೀಳಬೇಕಾದದ್ದು ಮೂರನೆಯದೇ, ಯಾಕೆಂದರೆ ಡಿ ಕೂಡ ಒಂದು ವಾಸ ಪರವಾನಗಿ. ಬೇರೆ ಚೌಕಕ್ಕೆ ಗುರುತು ಬಿದ್ದಿದ್ದರೆ ಕೌಂಟರ್ ಬಿಡುವ ಮೊದಲೇ ಕೇಳಿ. ಮನೆಗೆ ಬಂದು ಇಮೇಲ್ ಬರೆದು ತಿದ್ದಿಸಲು ವಾರಗಳು ಹಿಡಿಯುತ್ತವೆ.

ಮೂರನೇ ಚೌಕದ ಜೊತೆಗೂ ಒಂದು ಶರತ್ತಿದೆ. ಅವಧಿ ಮುಗಿದ ವೀಸಾ ಸ್ಟಿಕ್ಕರ್ ಅಥವಾ ಹಳೆಯ ಪರ್ಮಿಟ್ ಕಾರ್ಡ್ ಜೊತೆಗಿದ್ದರೆ ಮಾತ್ರ ಈ ಕಾಗದದ ಮೇಲೆ ಪ್ರವೇಶ. ಮುಗಿದುಹೋಯಿತಲ್ಲ ಎಂದು ಹಳೆಯ ಕಾರ್ಡನ್ನು ಮನೆಯಲ್ಲಿ ಬಿಟ್ಟು ಬರಬೇಡಿ.

ಆನ್‌ಲೈನ್ ಅರ್ಜಿ ಹಾಕಿದ್ದಕ್ಕೆ ದೃಢೀಕರಣದ ಪಿಡಿಎಫ್ ಬಂದಿದೆ. ಅದು ಸಾಕೇ?

ಅರ್ಜಿಯನ್ನು ಸಕಾಲಕ್ಕೆ ಹಾಕಿದ್ದೀರಿ ಎಂಬುದಕ್ಕೆ ಅದು ಪುರಾವೆ. ಗಡಿ ದಾಟಲು ಆಗುವುದಿಲ್ಲ. ವಿಮಾನ ಹತ್ತುವ ಮೊದಲು ಫಿಕ್ಷನ್ ಸರ್ಟಿಫಿಕೇಟೇ ಕೈಯಲ್ಲಿರಬೇಕು.

ಅದನ್ನು ಕೇಳುವ ಇಮೇಲ್ ಚಿಕ್ಕದಾಗಿ, ಜರ್ಮನ್ ಭಾಷೆಯಲ್ಲಿ ಇರಲಿ. ವಿಷಯದ ಸಾಲಿನಲ್ಲೇ ಪೂರ್ತಿ ಹೆಸರು, ಹುಟ್ಟಿದ ದಿನ, ಕಡತ ಸಂಖ್ಯೆ ಬರೆಯಿರಿ. ಪಾಸ್‌ಪೋರ್ಟ್ ಪುಟ, ಮುಗಿದ ಅಥವಾ ಮುಗಿಯುವ ವೀಸಾ, ಅರ್ಜಿಯ ದೃಢೀಕರಣ, ಮನೆ ವಿಳಾಸ ನೋಂದಣಿ ಪತ್ರ, ಟಿಕೆಟ್ ಇವನ್ನು ಒಂದೇ ಪಿಡಿಎಫ್ ಮಾಡಿ ಲಗತ್ತಿಸಿ. ದೊಡ್ಡ ಊರುಗಳಲ್ಲಿ ಉತ್ತರ ಬರುವುದೇ ತಡ, ಆದ್ದರಿಂದ ಹೊರಡುವುದಕ್ಕೆ 6ರಿಂದ 8 ವಾರ ಮೊದಲೇ ಕೇಳಿ.

ಊರಲ್ಲಿ ಅಪ್ಪನಿಗೋ ಅಮ್ಮನಿಗೋ ಸೀರಿಯಸ್ ಆಗಿದೆ. ಕೈಯಲ್ಲಿ ಯಾವ ಕಾಗದವೂ ಇಲ್ಲ. ನಾಳೆಯೇ ಹೊರಡಬೇಕು.

ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ವಿದೇಶಿಯರ ಕಚೇರಿಯ ಮುಂದೆ ನಿಲ್ಲಿ. ಆಸ್ಪತ್ರೆಯ ಪತ್ರ ಅಥವಾ ಮರಣ ಪ್ರಮಾಣಪತ್ರ ಇಂಗ್ಲಿಷ್‌ನಲ್ಲಿ ಬೇಕು. ಊರಿನವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರ ಪ್ರಿಂಟ್ ಆದರೂ ಸರಿ. ಪಾಸ್‌ಪೋರ್ಟ್, ಅರ್ಜಿಯ ದೃಢೀಕರಣ, ಟಿಕೆಟ್, ಒಂದು ಬಯೋಮೆಟ್ರಿಕ್ ಫೋಟೋ ಜೊತೆಗಿರಲಿ. "ನೋಟ್‌ಫಾಲ್" ಎಂದರೆ ತುರ್ತು ಎಂಬ ಆ ಒಂದು ಪದ ಬಾಗಿಲಲ್ಲೇ ಹೇಳಿ. ಸರ್ಟಿಫಿಕೇಟನ್ನು ಅಲ್ಲೇ ಮುದ್ರಿಸಿ ಕೊಡಬಹುದು, ಕಾರ್ಡಿನಂತೆ ಬೇರೆಡೆ ತಯಾರಾಗಿ ಬರಬೇಕಿಲ್ಲ.

ಅಷ್ಟಾದರೂ ಸಿಗದಿದ್ದರೆ, ಹೋಗುವುದೋ ಬಿಡುವುದೋ ನಿಮ್ಮ ಮನಸ್ಸಿಗೆ ಬಿಟ್ಟದ್ದು. ಹೆತ್ತವರ ಮುಖ ನೋಡಲು ಹೊರಟವರನ್ನು ನಾವು ತಡೆಯುವುದಿಲ್ಲ. ಆದರೆ ಮರಳಲು ಬೆಂಗಳೂರಿನ ಕಾನ್ಸುಲೇಟ್‌ನಲ್ಲಿ ಮರುಪ್ರವೇಶ ವೀಸಾ ಕೇಳಬೇಕಾಗುತ್ತದೆ. ಅದಕ್ಕಾಗಿ ಕೆಲಸದ ಕರಾರು, ಇತ್ತೀಚಿನ ಸಂಬಳ ಚೀಟಿ, ಬಾಡಿಗೆ ಕರಾರು, ವಿಳಾಸ ನೋಂದಣಿ, ಆರೋಗ್ಯ ವಿಮೆ ಕಾಗದ ಎಲ್ಲವನ್ನೂ ಹೊರಡುವಾಗಲೇ ಬ್ಯಾಗಿಗೆ ಹಾಕಿಕೊಳ್ಳಿ. ಕಂಪನಿಗೂ ಅಂದೇ ತಿಳಿಸಿ.

ಸರ್ಟಿಫಿಕೇಟ್ ಇದ್ದರೂ ಬೆಂಗಳೂರಿನಲ್ಲಿ ವಿಮಾನ ಹತ್ತಿಸಲಿಲ್ಲ ಎಂದು ಕೇಳಿದ್ದೇವೆ. ಯಾಕೆ ಹಾಗೆ?

ಸರಿಯಾದ ಕಾಗದ ಇಲ್ಲದವರನ್ನು ಕರೆತಂದರೆ ವಿಮಾನ ಕಂಪನಿಗೆ ಜರ್ಮನಿ ಒಬ್ಬೊಬ್ಬರಿಗೆ 1000ದಿಂದ 5000 ಯೂರೋವರೆಗೆ ದಂಡ ಹಾಕಬಹುದು. ಕೌಂಟರ್‌ನಲ್ಲಿರುವವರು ನೋಡುವುದು ಅವಧಿ ಮುಗಿದ ವೀಸಾ ಮತ್ತು ಜರ್ಮನ್ ಭಾಷೆಯ ಮಡಚಿದ ಕಾಗದ. ಅವರಿಗೆ ಹಿಂಜರಿಕೆ ಆಗುವುದು ಸಹಜ.

ಮೂರು ಗಂಟೆ ಮೊದಲೇ ಹೋಗಿ. ಪಾಸ್‌ಪೋರ್ಟನ್ನು ಹಳೆಯ ವೀಸಾ ಪುಟಕ್ಕೆ ತೆರೆದು, ಅದರ ಮೇಲೆ ಸರ್ಟಿಫಿಕೇಟ್‌ನ ಮೂರನೇ ಪುಟ ಬಿಡಿಸಿಟ್ಟು, ಎರಡನ್ನೂ ಒಟ್ಟಿಗೆ ಕೊಡಿ. ಗೊತ್ತಿಲ್ಲ ಎಂದರೆ ವಾದಕ್ಕೆ ಇಳಿಯದೆ, ಟಿಮಾಟಿಕ್‌ನಲ್ಲಿ ನೋಡಿ ಎಂದು, ಸೂಪರ್‌ವೈಸರ್ ಅವರನ್ನು ಕರೆಯಿರಿ ಎಂದು ಸಮಾಧಾನವಾಗಿ ಕೇಳಿ. ವಿಮಾನ ಕಂಪನಿಗಳು ದಾಖಲೆ ನಿಯಮ ನೋಡುವುದು ಆ ಟಿಮಾಟಿಕ್ ವ್ಯವಸ್ಥೆಯಲ್ಲೇ.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್‌ಗೆ ನೇರ ವಿಮಾನವೇ ಈ ಸ್ಥಿತಿಯಲ್ಲಿ ಉತ್ತಮ, ಅವರಿಗೆ ಈ ಕಾಗದ ಪರಿಚಿತ. ಲಂಡನ್ ಮೂಲಕ ಬರಬೇಡಿ. ಚಾಲ್ತಿಯಲ್ಲಿರುವ ಯೂರೋಪಿನ ಪರ್ಮಿಟ್ ಕಾರ್ಡ್ ಇದ್ದವರಿಗೆ ಸಿಗುವ ಟ್ರಾನ್ಸಿಟ್ ವಿನಾಯಿತಿಯನ್ನು ಮುಗಿದ ಕಾರ್ಡು ಮತ್ತು ಈ ಕಾಗದ ನಂಬಿ ಕೇಳುವಂತಿಲ್ಲ. ಹತ್ತು ಸಾವಿರ ರೂಪಾಯಿ ಉಳಿಸಲು ಹೋಗಿ ಪೂರ್ತಿ ಟಿಕೆಟ್ ಕಳೆದುಕೊಳ್ಳುವುದು ಬೇಡ.

ಪರ್ಮಿಟ್ ಮಂಜೂರಾಗಿದೆ, ಕಾರ್ಡ್ ಮಾತ್ರ ಮುದ್ರಣದಲ್ಲಿದೆ. ಹೋಗಬಹುದೇ?

ಕಾರ್ಡ್ ತಯಾರಾಗಿ ಬರಲು ಸಾಮಾನ್ಯವಾಗಿ 4ರಿಂದ 6 ವಾರ. "ಮಂಜೂರಾಗಿದೆ" ಎಂಬ ಮಾತು ಗಡಿಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಡಿ ಚಾಲ್ತಿಯಲ್ಲಿರಬೇಕು, ಇಲ್ಲವೇ ಮೂರನೇ ಚೌಕದ ಸರ್ಟಿಫಿಕೇಟ್ ಇರಬೇಕು. ಬೆರಳಚ್ಚು ಕೊಡಲು ಹೋದ ದಿನವೇ ಪ್ರಯಾಣದ ವಿಷಯ ಹೇಳಿ ಸರ್ಟಿಫಿಕೇಟ್ ಬರೆಸಿಕೊಳ್ಳಿ, ಅದರ ಅವಧಿ ನೀವು ಮರಳುವ ದಿನ ದಾಟಿ ಇರಲಿ. ಅವಧಿ ಊರಲ್ಲಿದ್ದಾಗಲೇ ಮುಗಿದರೆ ಮತ್ತೆ ಮರುಪ್ರವೇಶ ವೀಸಾದ ದಾರಿಯೇ.

ಜರ್ಮನಿಯಲ್ಲಿ ಹುಟ್ಟಿದ ಮಗುವನ್ನು ಅಜ್ಜ ಅಜ್ಜಿಗೆ ತೋರಿಸಲು ಕರೆದೊಯ್ಯಬೇಕು. ಮಗುವಿಗೆ ಏನು ಬೇಕು?

ಅಪ್ಪ ಅಮ್ಮನ ಕಾಗದ ಸರಿಯಿದೆ ಎಂದು ಮಗುವಿನದನ್ನು ಮರೆಯುವವರು ಬಹಳ. ಮಗುವಿಗೆ ಮೊದಲು ಭಾರತೀಯ ಪಾಸ್‌ಪೋರ್ಟ್ ಮಾಡಿಸಬೇಕು. ಅದು ಸಿಗುವುದು ಬರ್ಲಿನ್ ರಾಯಭಾರ ಕಚೇರಿ ಅಥವಾ ಫ್ರಾಂಕ್‌ಫರ್ಟ್, ಮ್ಯೂನಿಕ್, ಹ್ಯಾಂಬರ್ಗ್‌ನ ಭಾರತೀಯ ಕಾನ್ಸುಲೇಟ್‌ಗಳಲ್ಲಿ. ಹುಟ್ಟಿದ 6 ತಿಂಗಳೊಳಗೆ ಮಗುವಿನ ಪರ್ಮಿಟ್‌ಗೆ ಅರ್ಜಿ ಹಾಕಬೇಕು.

ತೊಡಕು ಇರುವುದು ಇಲ್ಲಿ: ಮಗುವಿಗೆ ಹಿಂದಿನ ವೀಸಾ ಎಂಬುದೇ ಇಲ್ಲ. ಮುಂದುವರಿಯಲು ಏನೂ ಇಲ್ಲದ ಮೇಲೆ ಮೂರನೇ ಚೌಕ ಬೀಳುವುದಿಲ್ಲ, ಬೀಳುವುದು ಮೊದಲನೆಯದು. ಅದರ ಮೇಲೆ ಮರಳಿ ಬರುವಂತಿಲ್ಲ. ಆದ್ದರಿಂದ ಮಗುವಿನ ಪರ್ಮಿಟ್ ಕಾರ್ಡ್ ಬಂದ ಮೇಲೆಯೇ ಹೊರಡಿ. ನಿಜವಾಗಿ ತುರ್ತಿದ್ದರೆ ಪರ್ಮಿಟನ್ನು ಕಾರ್ಡಿನ ಬದಲು ಸ್ಟಿಕ್ಕರ್ ಆಗಿ ಪಾಸ್‌ಪೋರ್ಟ್‌ಗೇ ಅಂಟಿಸಿಕೊಡಲು ಕಾನೂನಿನಲ್ಲಿ ಅವಕಾಶವಿದೆ. ಕಾರಣ ಬರೆದು ಕೇಳಿ. ನಾಮಕರಣ ಊರಲ್ಲೇ ಆಗಬೇಕೆಂಬ ಆಸೆ ಇರುತ್ತದೆ, ಆದರೆ ಮುಹೂರ್ತವನ್ನು ಕಾರ್ಡ್ ಬಂದ ಮೇಲೆ ನೋಡಿಸಿ.

ಎಷ್ಟು ದಿನ ಹೊರಗಿರಬಹುದು?

6 ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಸಾಮಾನ್ಯ ಪರ್ಮಿಟ್ ತಾನಾಗಿಯೇ ರದ್ದಾಗುತ್ತದೆ. ಬ್ಲೂ ಕಾರ್ಡ್‌ಗೆ ಅದು 12 ತಿಂಗಳು. ಮನೆ ಖಾಲಿಮಾಡಿ ಸಾಮಾನು ಸಾಗಿಸಿ ಹೋದರೆ ತಾತ್ಕಾಲಿಕ ಪ್ರಯಾಣ ಎನಿಸುವುದಿಲ್ಲ, ಆಗ ಈ ಅವಧಿ ಮುಗಿಯುವವರೆಗೂ ಕಾಯದೆ ಪರ್ಮಿಟ್ ರದ್ದಾಗುತ್ತದೆ.

ಹೊರಗಿದ್ದಾಗಲೇ ಅರ್ಜಿ ತಿರಸ್ಕಾರವಾದರೆ?

ಫಿಕ್ಷನ್ ಸರ್ಟಿಫಿಕೇಟ್‌ನ ಬಲ ತೀರ್ಮಾನ ಬರುವವರೆಗೆ ಮಾತ್ರ. ತಿರಸ್ಕಾರವಾದರೆ ಕಾಗದದ ಮೇಲೆ ಮುಂದಿನ ದಿನಾಂಕ ಇದ್ದರೂ ಅದು ಉಪಯೋಗಕ್ಕಿಲ್ಲ. ಪತ್ರ ಬರುವುದು ಜರ್ಮನಿಯ ಮನೆಯ ಅಂಚೆಪೆಟ್ಟಿಗೆಗೆ, ಪ್ರಶ್ನಿಸಲು ಇರುವುದು ಸಾಮಾನ್ಯವಾಗಿ ಒಂದು ತಿಂಗಳು. ಹೊರಡುವ ಮೊದಲು ನಂಬಿಕಸ್ಥರಿಗೆ ಪೆಟ್ಟಿಗೆಯ ಕೀಲಿ ಕೊಟ್ಟು, ಹಳದಿ ಲಕೋಟೆ (ಇಂಥ ಸರ್ಕಾರಿ ತೀರ್ಮಾನಗಳು ಬರುವುದು ಅದರಲ್ಲಿ) ಬಂದರೆ ಅಂದೇ ಫೋಟೋ ಕಳಿಸಲು ಹೇಳಿ. ಅದರ ಮೇಲೆ ಅಂಚೆಯವರು ಬರೆದ ದಿನಾಂಕದಿಂದಲೇ ಗಡುವು ಎಣಿಸುತ್ತಾರೆ, ಆದ್ದರಿಂದ ಲಕೋಟೆಯನ್ನು ಎಸೆಯದೆ ಇಡಲು ಹೇಳಿ.

ಬೆಂಗಳೂರಿನಲ್ಲಿ ಡಿ ಅರ್ಜಿಯೇ ತಿರಸ್ಕಾರವಾದವರಿಗೆ ಮೊದಲು ಕಾನ್ಸುಲೇಟ್‌ಗೇ ಮರುಪರಿಶೀಲನೆಯ ಪತ್ರ ಬರೆಯುವ ದಾರಿಯಿತ್ತು. 2025ರ ಜುಲೈ 1ರಿಂದ ಅದನ್ನು ನಿಲ್ಲಿಸಿದ್ದಾರೆ. ಈಗ ಉಳಿದಿರುವುದು ಎರಡು: ಕೊರತೆ ತುಂಬಿ ಹೊಸ ಅರ್ಜಿ ಹಾಕುವುದು, ಇಲ್ಲವೇ ಬರ್ಲಿನ್‌ನ ಆಡಳಿತ ನ್ಯಾಯಾಲಯದಲ್ಲಿ ದಾವೆ ಹೂಡುವುದು. ಕಾಗದದ ಕೊರತೆಯಿಂದ ತಿರಸ್ಕಾರವಾಗಿದ್ದರೆ ಹೊಸ ಅರ್ಜಿಯೇ ಬೇಗ ಮುಗಿಯುತ್ತದೆ.